ವಿಭೂತಿ ಹಚ್ಚಿದ ಅಂಕಪಟ್ಟಿ

ಪ್ಲಿಮತ್, ಮಿಶಿಗನ್
೨೨ ಏಪ್ರಿಲ್ ೧೯೭೪

ಪ್ರೀತಿಯ ಶಿವಕ್ಕನಿಗೆ ಕಮಲವ್ವನ ನಮಸ್ಕಾರಗಳು.

ನಿನ್ನ ಮಗಳು ಸತ್ಯ ಚೆನ್ನಾಗಿದ್ದಾಳೆ. ನೀನು ಶಿಕಾಗೋದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎರಡು ಹಲ್ಲು ಬಂದಿವೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಒಲೆ ನೋಡಿ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅಕ್ಕಾ, ನಿನ್ನೆ ಫೋನಿನಲ್ಲಿ ನಿನ್ನ ಅಂಕಪಟ್ಟಿ ಕಳಿಸಿದ್ದೇನೆ ಅಂದೆ. ಅದು ಸುಳ್ಳಲ್ಲ. ಆದರೆ ಅದು ಶಿಕಾಗೋದ ಯೂನಿವರ್ಸಿಟಿಯಿಂದ ವಾಪಸ್ ಬಂದು ಒಂಬತ್ತು ದಿನವಾಯಿತು. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಭಾವ ಪಕ್ಕದಲ್ಲೇ ನಿಂತಿದ್ದರು, ಅದನ್ನು ಹೇಳದೆ ಫೋನ್ ಇಟ್ಟೆ.

ಧಾರವಾಡದಿಂದ ಲಕೋಟೆ ಬಂದರೆ ಬಿಚ್ಚದೆ ಹಾಗೇ ಯೂನಿವರ್ಸಿಟಿಗೆ ಕಳಿಸು ಎಂದು ನೀನು ಹೇಳಿದ್ದು ನೆನಪಿತ್ತು. ದೇವರ ಮುಂದೆ ಇಡದೆ ಹೇಗೆ ಕಳಿಸಲಿ? ಒಡೆದು, ಅಂಕಪಟ್ಟಿಯ ನಾಲ್ಕೂ ಮೂಲೆಗೆ ವಿಭೂತಿ ಹಚ್ಚಿ, ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿ ಅಂಚೆಗೆ ಹಾಕಿದೆ.

ಇವತ್ತು ಪಕ್ಕದ ಮನೆಯ ಇಂದುಮತಿ ಆಂಟಿಗೆ ಅದರ ಜೊತೆ ಬಂದ ಇಂಗ್ಲಿಷ್ ಕಾಗದ ತೋರಿಸಿದೆ. ಓದಿ ಹಣೆ ಚಚ್ಚಿಕೊಂಡರು. "ಅಯ್ಯೋ ಹುಡುಗಿ, ಸೀಲ್ ಒಡೆದ್ರೆ ಇವರು ಮುಟ್ಟಲ್ಲ ಕಣೇ. ನಾವೇ ಮಾರ್ಕ್ಸ್ ತಿದ್ದಿದೀವಿ ಅಂದ್ಕೋತಾರೆ" ಎಂದರು. ಅವರೇ ಶಿಕಾಗೋದ ಯೂನಿವರ್ಸಿಟಿಗೆ ಫೋನ್ ಮಾಡಿ ಕೇಳಿದರು. ಜೂನ್ ಒಂದರೊಳಗೆ ಧಾರವಾಡದಿಂದ ನೇರವಾಗಿ ಹೊಸದು ಬಂದರೆ ನಿನ್ನ ಅರ್ಜಿ ಉಳಿಯುತ್ತದಂತೆ. ಇಲ್ಲದಿದ್ದರೆ ಇಲ್ಲ.

ನರ್ಸ್ ಆಗಿದ್ದರೆ ಸಾಕು, ಡಿಗ್ರಿ ಬೇರೆಯದಾದರೂ ನರ್ಸಿಂಗ್ ಎಂ.ಎಸ್. ಓದಬಹುದು, ಅಂಥ ಜಾಗ ಇದೊಂದೇ ಸಿಕ್ಕಿತು ಎಂದು ನೀನು ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದು ಕುಣಿದಿದ್ದೆ. "ಇತಿಹಾಸದ ಬಿ.ಎ.ಗೆ ನರ್ಸಿಂಗ್ ಎಂ.ಎಸ್. ಯಾವ ಮಹಾರಾಜ ಕೊಡತಾನ?" ಎಂದು ಭಾವ ನಕ್ಕಿದ್ದರು. ಅವರ ಮಾತು ನನ್ನ ಕೈಯಿಂದ ನಿಜವಾಗಬಾರದು.

ಇದರ ಜೊತೆ ಹೊಸ ಅಂಕಪಟ್ಟಿ ಕೇಳಿ ಆಂಟಿ ಟೈಪ್ ಮಾಡಿದ ಅರ್ಜಿ ಇದೆ. ಕೈಸೇರಿದ ದಿನವೇ ಸಹಿ ಮಾಡಿ ಧಾರವಾಡಕ್ಕೆ, ನಮ್ಮ ಕಲ್ಲಿನಾಥಣ್ಣನ ವಿಳಾಸಕ್ಕೆ ಹಾಕು. ಅಲ್ಲಿಯ ಯೂನಿವರ್ಸಿಟಿ ಆಫೀಸಿಗೆ ತಾನೇ ಹೋಗಿ ನಿಲ್ಲಬೇಕೆಂದು ಅವನಿಗೆ ತಂತಿ ಕೊಟ್ಟಾಗಿದೆ. ಬೈಯುವುದಿದ್ದರೆ ಆಮೇಲೆ ಬೈ.

ನಿನ್ನ ತಂಗಿ,
ಕಮಲವ್ವ

ತಾ.ಕ.: ವಿಭೂತಿ ಹಚ್ಚಿದ್ದು ನಿಜ. ಆದರೆ ಒಡೆದದ್ದು ಅದಕ್ಕಲ್ಲ. ಅಂಕ ಕಡಿಮೆಯಿದ್ದರೆ ಸೀಟು ಸಿಗುವುದಿಲ್ಲ ಎಂದು ನೀನೇ ಅಂದಿದ್ದೆ. ಕಡಿಮೆಯಿದ್ದರೆ ನೀನು ಮನೆಗೆ ಬರುತ್ತೀಯಲ್ಲ ಎಂದು ನೋಡಿದೆ. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದಲು ನನಗೂ ಬರುತ್ತದೆ. ಎಲ್ಲದರಲ್ಲೂ ಅರವತ್ತರ ಮೇಲೆ! ಆಮೇಲೆ ವಿಭೂತಿ ಹಚ್ಚಿದೆ. ಸತ್ಯ ಈಗ ನನ್ನನ್ನೇ ಅವ್ವ ಎಂದು ಕರೆಯುತ್ತಾಳೆ. ನಾನು ಓಗೊಡುತ್ತಿಲ್ಲ. ಬೇಗ ಓದಿ ಮುಗಿಸು.