ತಿರುವಿ ಹಾಕಿದ ಎಕ್ಸರೇ

ತನುಜಕ್ಕಾ,

ನೀನು ಸತ್ತಾಗ ದವಾಖಾನೆಯವರು ತನಿಖೆ ಮಾಡುತ್ತೇವೆ ಎಂದರು, ಮಾಡಲಿಲ್ಲ. ನಿನ್ನ ಎಕ್ಸರೇ ಕೊಡುತ್ತೇವೆ ಎಂದರು, ಕೊಡಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಕೇಳಿದೆವು, ಅದೂ ಸಿಗಲಿಲ್ಲ.

ಇವತ್ತು ಕೆಮ್ಮಿಗೆಂದು ಹಾನಗಲ್ಲಿನಲ್ಲಿ ನನ್ನ ಎದೆಯ ಎಕ್ಸರೇ ತೆಗೆಸಿದೆ. ಹೃದಯ ಬಲಕ್ಕೆ ಕಂಡಿತು. ತೆಗೆದವನು "ಉಲ್ಟಾ ಇಟ್ಟಿದ್ದೆ ನೋಡ್ರಿ" ಎಂದು ನಗುತ್ತ ಫಿಲ್ಮನ್ನು ತಿರುವಿ ಹಾಕಿದ.

ಡಾಕ್ಟರ್ ಗುಲ್ನಾರ ಗದರಿದರು: "ಅದೇನ್ ರೊಟ್ಟಿ ಏನೋ, ತಿರುವಿ ಹಾಕಾಕ? ಮೊದಲ ಮನಷ್ಯಾರ್ನ ಮುಟ್ಟಿ ನೋಡು."

ನನ್ನ ಬಲ ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. "ಹೆದರಬ್ಯಾಡ್ರಿ, ಇದು ರೋಗ ಅಲ್ಲ. ಕೆಲವ್ರು ಹುಟ್ಟಿದಾಗಿಂದನ ಹಿಂಗ ಇರ್ತಾರ. ಒಳಗಿಂದೆಲ್ಲಾ ಕನ್ನಡ್ಯಾಗ ಕಂಡಂಗ, ಅಪೆಂಡಿಕ್ಸ್ ಸೈತ ಎಡಕ್ಕ. ಒಡಹುಟ್ಟಿದವ್ರಿಗೂ ಇರಬಹುದು. ಅಕ್ಕ, ತಂಗಿ ಅದಾರೇನ್ರಿ?"

ಇಲ್ಲ ಎಂದೆ.

ನಿನಗೆ ಎಡಹೊಟ್ಟೆ ನೋಯುತ್ತಿತ್ತು. ಅಪೆಂಡಿಕ್ಸ್ ಬಲಕ್ಕಿರುತ್ತದೆ, ಇದು ಬರೀ ವಾಯು ಎಂದು ಗುಳಿಗೆ ಕೊಟ್ಟು ಕಳಿಸಿದರು. ಅದು ಎಡಗಡೆಯೇ ಒಡೆದು ನೀನು ಹೋದೆ. ಅವತ್ತು ನಿನ್ನ ಎದೆಯ ಫಿಲ್ಮನ್ನೂ ಯಾರೋ ಹೀಗೇ ತಿರುವಿ, ಈಗ ಸರಿಯಾಯಿತು ಅಂದುಕೊಂಡಿರಬೇಕು.

ಆಗ ನಿನಗೆ ನ್ಯಾಯ ಬೇಕೆಂದು ನಮ್ಮ ಜೊತೆ ಘೋಷಣೆ ಕೂಗಿದವರು ಈಗ ಫೋನೂ ಎತ್ತುವುದಿಲ್ಲ. ನನ್ನ ಫಿಲ್ಮು ಹಿಡಿದು ಆ ದವಾಖಾನೆಯ ಬಾಗಿಲಲ್ಲಿ ಕೂರುತ್ತೇನೆ. ಒಬ್ಬಳೇ ಇದ್ದರೂ ಅದು ಸಭೆಯೇ. ಬರುವ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ.