ಕೌಬಾಯ್ ನಾಟಕದ ಕೊನೆಯ ಐದು ನಿಮಿಷ

ಪ್ರೀತಿಯ ಮಾವನವರಿಗೆ,

ಬರೆಯಲು ಕೂತರೆ ನನಗೆ ಮಾತು ಓಡುವುದಿಲ್ಲ. ಅದಕ್ಕೇ ಈ ಪುಟ್ಟ ರೆಕಾರ್ಡರಿನ ಮುಂದೆ ಕೂತಿದ್ದೇನೆ. ನಿಮಗೂ ಇದೇ ಸಲೀಸು. ಕಣ್ಣು ಮಂಜಾದ ಮೇಲೆ ನೀವು ಕಾಗದ ಓದಿದ್ದೆಲ್ಲಿ?

ನೀವೂ ಅತ್ತೆಯೂ ಚಿತ್ರದುರ್ಗದಿಂದ ಕಡಲು ದಾಟಿ ಎಟೋಬಿಕೋದ ನಮ್ಮ ಮನೆಗೆ ಬಂದ ಮೊದಲ ಚಳಿಗಾಲ ನೆನಪಿದೆಯೇ? ಮಗಳ ಜೊತೆ ಮಾತೋ ಮಾತು, ನನ್ನ ಜೊತೆ ಮಾತ್ರ "ಊಟ ಆಯ್ತಾ?" ಅಷ್ಟೇ. ಒಂದು ಸಂಜೆ ರೇಡಿಯೋ ತಿರುಗಿಸುವಾಗ ಹಳೆಯ ಕಾಲದ ಕೌಬಾಯ್ ನಾಟಕ ಸಿಕ್ಕಿತು. ಕುದುರೆ ಓಡುವ ಸದ್ದಿಗೆ ನೀವು ನೆಟ್ಟಗೆ ಕೂತಿರಿ.

"ಇದು ಕುದುರೆ ಅಲ್ಲ ಅಳಿಯಂದಿರೇ, ಕರಟ!"

ತಡಕಾಡುತ್ತ ಅಡುಗೆಮನೆಗೆ ಹೋಗಿ, ಅತ್ತೆ ಆಗಷ್ಟೇ ಕಾಯಿ ತುರಿದಿಟ್ಟಿದ್ದ ಎರಡು ಕರಟ ತಂದು ಮೇಜಿನ ಮೇಲೆ ಟಕಟಕ ಓಡಿಸಿದಿರಿ.

"ಈ ವಯಸ್ಸಿಗೆ ಸವಾರಿ ಬೇರೆ," ಅತ್ತೆ ಅಂದರು. "ಬಿದ್ದು ಸೊಂಟ ಮುರ್ಕೊಂಡ್ರೆ ನಾನಂತೂ ನೋಡ್ಕಳಲ್ಲ."

ಆಮೇಲೆ ಪ್ರತಿ ವಾರ ಕೂತೆವು. ಅದರಲ್ಲಿ ಅಂಥದ್ದೇನಿತ್ತು ಅಂತ ಈಗಲೂ ಯೋಚಿಸುತ್ತೇನೆ. ಒಂದು ಬಾಗಿಲು ಕಿರ್ರೆಂದರೆ ಸಾಕು, ಇಡೀ ಊರು ಎದ್ದು ನಿಲ್ಲುತ್ತಿತ್ತು. ಟೀವಿಯಲ್ಲಿ ನಿಮಗೇನೂ ಕಾಣುತ್ತಿರಲಿಲ್ಲ. ಇಲ್ಲಿ ನನಗಿಂತ ಹೆಚ್ಚು ಕಾಣುತ್ತಿತ್ತು. "ಆ ಬಂಡೆ ಹಿಂದೆ ಕೂತಾನೆ ನೋಡಿ ಕಳ್ಳ, ನಮ್ ಕೋಟೆ ಬಂಡೆ ಇದ್ದಂಗೇ ಐತೆ" ಎನ್ನುತ್ತಿದ್ದಿರಿ. ಹೊರಗೆ ಮೊಣಕಾಲುದ್ದ ಹಿಮ.

ನೀವು ಆಸ್ಪತ್ರೆ ಸೇರಿದ ವಾರ ಒಂದು ಕಥೆಯ ಕೊನೆಯ ಕಂತಿತ್ತು. ಕಮರಿಯಲ್ಲಿ ಒಬ್ಬ ಹಗ್ಗ ಹಿಡಿದು ನೇತಾಡುತ್ತಿದ್ದ, ಮೇಲೆ ಅವನ ಗೆಳೆಯ. "ಟೇಪ್ ಮಾಡ್ಕೊಂಡ್ ಬನ್ನಿ, ಮರೀಬೇಡಿ" ಎಂದಿರಿ. ಮಾಡುತ್ತಲೂ ಇದ್ದೆ. ಅಷ್ಟರಲ್ಲಿ ಊರಿಂದ ನಿಮ್ಮ ತಂಗಿಯ ಫೋನು. ಊರಿನ ಫೋನೆಂದರೆ ಗೊತ್ತಲ್ಲ, ಟೀವಿ, ಮಿಕ್ಸಿ, ಎಲ್ಲ ಬಂದ್. ಅದೇ ಅಭ್ಯಾಸದಲ್ಲಿ ರೇಡಿಯೋ ಆರಿಸಿಬಿಟ್ಟೆ. ಟೇಪೂ ಅದೇ ಸೆಟ್ಟಿನೊಳಗೆ ಓಡುತ್ತಿತ್ತು.

ಮರುದಿನ ನಿಮ್ಮ ಹಾಸಿಗೆಯ ಪಕ್ಕ ಟೇಪು ಅರ್ಧಕ್ಕೇ ನಿಂತಿತು.

"ಆಮೇಲೆ?"

"ಟೇಪ್ ಸಾಲ್ಲಿಲ್ಲ ಮಾವ. ನಾನು ಕೇಳಿದೀನಿ, ಹೇಳ್ತೀನಿ."

ಅವನನ್ನು ಮೇಲೆತ್ತಿಸಿದೆ, ಇಬ್ಬರನ್ನೂ ಮನೆ ಸೇರಿಸಿದೆ. "ಸದ್ಯ, ಉಳ್ಕೊಂಡ್ನಲ್ಲ" ಎಂದು ನಕ್ಕು ಕಣ್ಣು ಮುಚ್ಚಿದಿರಿ. ಮೂರನೆಯ ದಿನ ನೀವೇ...

ಸಾಯುವವರಿಗೆ ಸುಳ್ಳು ಹೇಳಿ ಕಳಿಸಿದೆನೇ? ಹತ್ತು ವರ್ಷ ಇದು ಕೊರೆಯುತ್ತಿತ್ತು. ಮೊನ್ನೆ ನಿಮ್ಮ ಮೊಮ್ಮಗಳು ಆ ಕಂತನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, "ಅಪ್ಪಾ, ಈಸ್ ದಿಸ್ ದ ಒನ್?" ಎಂದಳು.

ಹಗ್ಗ ತುಂಡಾಗುತ್ತದೆ ಮಾವ. ಗೆಳೆಯ ಒಬ್ಬನೇ ಊರಿಗೆ ಬಂದು ಸತ್ತವನ ಮನೆಯ ಬಾಗಿಲು ತಟ್ಟುತ್ತಾನೆ. ಚಿಲಕದ ಸದ್ದು. ಅವರೆಲ್ಲಿ ಎಂದು ಹೆಂಡತಿ ಕೇಳುತ್ತಾಳೆ. ಅವನು ಮಾತಾಡುವುದಿಲ್ಲ. ಬರೀ ಗಾಳಿ. ಅಲ್ಲಿಗೆ ಮುಗಿಯುತ್ತದೆ.

ನೀವು ಹೋದ ಬೆಳಗ್ಗೆ ನಾನು ಆಸ್ಪತ್ರೆಯಿಂದ ಬಂದಾಗ ಅತ್ತೆಯೇ ಬಾಗಿಲು ತೆಗೆದರು. "ಎದ್ದಿದಾರಾ? ಏನಾದ್ರೂ ತಿಂದ್ರಾ?" ಎಂದರು. ನಾನು ಒಳಗೂ ಬರಲಿಲ್ಲ, ಬಾಗಿಲೂ ಹಾಕಲಿಲ್ಲ.

ಆ ಕೊನೆ ನನಗೆ ಗೊತ್ತು ಮಾವ. ನಿಮಗೆ ಹೇಳಿದ ಸುಳ್ಳನ್ನು ನಾನು ವಾಪಸ್ ತಗೊಳ್ಳುವುದಿಲ್ಲ.

ನಿಮ್ಮ ಅಳಿಯ