ಕ್ಯಾಂಪಿನ ಶಾಲೆಗೆ ನೆರಳು ಹಿಡಿದವರು

ಹೊರಗಾಲದ ಹದಿನೇಳನೆಯ ಬೆಳಗು,
ಕಾಲುವೆಗೆ ಛಾವಣಿ ಬಂದ ತೊಂಬತ್ತನೆಯ ವರುಷ.
ನಿಮ್ಮ ಎಣಿಕೆಯಲ್ಲಿ 2187ರ ಡಿಸೆಂಬರ್.

ನಮಗಿಂತ ಮೊದಲು ಮಕ್ಕಳನ್ನು ಶಾಲೆಗೆ ಬಿಟ್ಟ ತಂದೆತಾಯಿಗಳಿಗೆ, ಮೂರನೇ ಕಾಲುವೆ ಕ್ಯಾಂಪಿನ ನೆರಳಂಗಡಿ ಹಂಪಮ್ಮನ ಶರಣು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಕುಶಲ ಆಮೇಲೆ. ನಮ್ಮ ಕ್ಯಾಂಪಿನಲ್ಲಿ ಒಂದರಿಂದ ನಾಲ್ಕನೆಯ ಕ್ಲಾಸಿನವರೆಗೆ ಒಂದು ಶಾಲೆ ತೆರೆಯಲು ಹಿಡಿದದ್ದು ಇಷ್ಟು: ಆರು ನೂರು ಗಜ ನೆರಳುಬಟ್ಟೆ, ಬಂಡಿ ತುಂಬ ಬಿದಿರಿನ ಗಳ, ಒಂದು ಕಬ್ಬಿಣದ ಗೇಟು, ನನ್ನ ಒಂದು ಸುಗ್ಗಿಯ ವ್ಯಾಪಾರ, ಊರ ಹಿರಿಯರೊಂದಿಗೆ ಮೂರು ಜಗಳ, ಸ್ವಂತ ಅಳಿಯನೊಂದಿಗೆ ಮಾತು ಬಿಟ್ಟ ಅರ್ಧ ವರುಷ. ಈ ಕಾಗದದ ಅಂಚೆಯ ಖರ್ಚು ಬೇರೆ. ಹಿಂದಂಚೆ ಎಂದು ಒಂದಿದೆ ನಮ್ಮಲ್ಲಿ. ಕಳೆದುಹೋದ ಕಾಲದವರಿಗೆ ಕಾಗದ ಹಾಕುವ ಕಿಟಕಿ. ಮನೆಗೊಂದೇ ಕಾಗದ, ಜೀವಮಾನಕ್ಕೊಂದೇ ಸಲ. ತಲುಪುತ್ತದೆಯೋ ಇಲ್ಲವೋ ಕಿಟಕಿಯೊಳಗಿನವನಿಗೂ ಗೊತ್ತಿಲ್ಲ. ತಲುಪದಿದ್ದರೆ ಅರ್ಧ ದುಡ್ಡು ವಾಪಸು ಕೊಡುತ್ತೀಯಾ ಎಂದು ಕೇಳಿದೆ. ತಲುಪಲಿಲ್ಲ ಅಂತ ನಿಮಗೆ ಯಾರು ಬಂದು ಹೇಳಬೇಕು ಎಂದ. ಆತನೂ ವ್ಯಾಪಾರಿಯೇ.

ನನ್ನ ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಎಷ್ಟೋ ಪದ ನಿಮಗೆ ಬೇಕಾಗಿರಲಿಲ್ಲ. ಒಳಗಾಲ ಎಂದರೆ ಹಗಲು ಯಾರೂ ಬಾಗಿಲು ದಾಟದ ಎಂಟು ತಿಂಗಳು. ಹೊರಗಾಲ ಎಂದರೆ ಉಳಿದ ನಾಲ್ಕು. ಆಗಲೂ ಬೆಳಗಿನ ಹೊತ್ತು ಮಾತ್ರ, ಬಿಸಿಗಂಟೆ ಬಾರಿಸುವವರೆಗೆ. ಗಂಟೆ ಕೇಳಿದ ಮೇಲೆ ಬಿಸಿಲಿಗೆ ಬಿದ್ದವನನ್ನು ಹುಡುಕಲು ಹೋಗುವುದು ಎರಡನೆಯವನನ್ನೂ ಕಳೆದುಕೊಳ್ಳುವ ದಾರಿ ಎಂದು ನಮ್ಮಲ್ಲಿ ಮಾತಿದೆ. ಹಾಗಾಗಿ ನಮ್ಮಲ್ಲಿ ನೆರಳಿಗೆ ಬೆಲೆ. ನಾನು ಹದಿನಾರರ ವಯಸ್ಸಿನಲ್ಲಿ ಸಂತೆಯ ಸಾಲಿನಲ್ಲಿ ನಿಂತವರ ತಲೆಯ ಮೇಲೆ ನಮ್ಮವ್ವನ ಹಳೆ ಸೀರೆ ಹಿಡಿದು ಮೊದಲ ಕಾಸು ಕಂಡವಳು. ಇವತ್ತು ಎಂಟು ಕ್ಯಾಂಪುಗಳ ಸಂತೆಗೆ ನನ್ನದೇ ಬಟ್ಟೆ. ನನ್ನ ಬಟ್ಟೆಯ ಕೆಳಗೆ ನಿಂತೇ ನನ್ನನ್ನು ಬೈಯುವವರು ಬಹಳ ಜನ. ಬೈಗುಳಕ್ಕೆ ನಾನು ಬಾಡಿಗೆ ಹಾಕಿಲ್ಲ.

ಮಕ್ಕಳಿಗೆ ಪಾಠದ ಕೊರತೆಯೇನೂ ಇರಲಿಲ್ಲ, ಅದನ್ನು ಮೊದಲೇ ಹೇಳಬೇಕು. ಪ್ರತಿ ಮನೆಯಲ್ಲೂ ಗೋಡೆಗುರು ಇದೆ. ಗೋಡೆಯೊಳಗಿನಿಂದ ಮಾತಾಡುತ್ತದೆ, ಬರೆದು ತೋರಿಸುತ್ತದೆ, ಒಂದೇ ಮಗುವಿಗೆ ಒಂದೇ ಗುರು; ಎಂದೂ ಸಿಟ್ಟಾಗುವುದಿಲ್ಲ. ನನ್ನ ಮೊಮ್ಮಗಳು ತುಂಗವ್ವ ಆರು ವರುಷಕ್ಕೇ ಭಾಗಾಕಾರ ಮಾಡುತ್ತಾಳೆ. ಶಾಲೆಗಳು ಮುಚ್ಚಿ ಮೂರು ತಲೆಮಾರಾದರೂ ಯಾರೂ ಅತ್ತಿರಲಿಲ್ಲ. ನಾನೂ ಅತ್ತವಳಲ್ಲ. ಹೋದ ವರುಷ ಹೊರಗಾಲದ ಮೊದಲ ವಾರ ತುಂಗವ್ವನನ್ನು ನೀರಿನ ಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಯಾರದೋ ಸೆರಗು ಹಿಡಿದು ಅವಳಷ್ಟೇ ಎತ್ತರದ ಒಂದು ಹುಡುಗಿ ನಿಂತಿತ್ತು. ತುಂಗವ್ವ ಅದನ್ನು ಬಹಳ ಹೊತ್ತು ನೋಡಿದಳು, ಜನ ಎಳೆಗರುವನ್ನು ನೋಡುವ ಹಾಗೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು:

"ಅದು ಯಾರ್ದು ಅಜ್ಜಿ? ಮುಟ್ಟಬೌದೇನು?"

ಭಾಗಾಕಾರ ಬರುವ ಈ ಮಗುವಿಗೆ ಇನ್ನೊಂದು ಮಗು ಸಿಗಬೇಕು, ಅಷ್ಟೇ ನನಗೆ ಬೇಕಾದದ್ದು. ಉಳಿದದ್ದೆಲ್ಲ ಅದರ ಹಿಂದೆ ಬಂದ ಖರ್ಚು.

ಶಾಲೆ ಎಂದರೆ ಏನು, ಹೇಗೆ ತೆರೆಯುವುದು ಎಂದು ಹೇಳುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹಳೆ ಮಾತಿನ ಉಗ್ರಾಣಕ್ಕೆ ಹೋದೆ. ನಿಮ್ಮ ಕಾಲದ ಫೋನುಗಳಲ್ಲಿ ಹರಿದಾಡಿದ ಮಾತುಗಳನ್ನು ಕೂಡಿಟ್ಟ ಜಾಗ ಅದು. ಯಾವುದೋ ಪ್ರಾಥಮಿಕ ಶಾಲೆ ಪೋಷಕರ ಗುಂಪಿಗೆ ಹಾಕಿದ ಪ್ರಕಟಣೆ ಸಿಕ್ಕಿತು. ಸೋಮವಾರದಿಂದ ಶಾಲೆ ಆರಂಭ. ನೀರಿನ ಬಾಟಲಿಯ ಮೇಲೆ ಹೆಸರು ಬರೆಯಿರಿ. ಆಟೋದಲ್ಲಿ ಮಕ್ಕಳನ್ನು ತುಂಬಿ ಕಳಿಸಬೇಡಿ. ಗೇಟಿನ ಎದುರು ಗಾಡಿ ನಿಲ್ಲಿಸಬೇಡಿ. ಪರಿಚಯವಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ. ಮೊದಲ ದಿನ ಮಕ್ಕಳು ಅಳುವುದು ಸಹಜ, ಪೋಷಕರು ಹಿಂತಿರುಗಿ ನೋಡದೆ ಹೋಗತಕ್ಕದ್ದು. ಕೆಳಗೆ ಸಾಲಾಗಿ "ಸರಿ ಮೇಡಂ", "ಸರಿ ಮೇಡಂ", ಮುಗಿದ ಕೈಗಳ ಚಿತ್ರ. ಒಬ್ಬ ಅಪ್ಪ ಮಾತ್ರ ಬೂಟು ಕರಿದೋ ಬಿಳಿದೋ ಎಂದು ಎರಡು ಸಲ ಕೇಳಿದ್ದಾನೆ, ಯಾರೂ ಉತ್ತರ ಕೊಟ್ಟಿಲ್ಲ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಜನ ತಂದೆತಾಯಿ ಒಂದೇ ಬೆಳಿಗ್ಗೆ ಒಂದೇ ಚಿಂತೆ ಮಾಡಿದ್ದರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಕರಿ ಬೂಟೋ ಬಿಳಿ ಬೂಟೋ ಎಂಬ ಚಿಂತೆಗೆ ಕೇಳಿದಷ್ಟು ಬೆಲೆ ನಾನು ಕೊಡುತ್ತಿದ್ದೆ.

ಆ ಪ್ರಕಟಣೆಯನ್ನು ಹಿಡಿದೇ ನಾವು ಶಾಲೆ ಕಟ್ಟಿದೆವು. ಅದರಲ್ಲಿ ಗೇಟು ಎಂದಿತ್ತು, ಗೇಟು ಮಾಡಿಸಿದೆವು. ಕಾಂಪೌಂಡು ಗೋಡೆಯ ಮಾತು ಇರಲಿಲ್ಲ, ಕಟ್ಟಲಿಲ್ಲ. ಬಯಲಿನಲ್ಲಿ ಒಂದು ಗೇಟು, ಅದರ ಆಚೆ ಬಟ್ಟೆಯ ಮಾಡು. ಊರ ಮಂಡಳಿಯ ಹಿರಿಯ ಪಂಪಾಪತಿಯವರು ಬಂದು ಗೇಟಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿ, ಆಡುಗಳು ಒಳಗೆ ಬರುವ ಮುಂಚೆ ನಿನ್ನನ್ನು ಕೇಳಿ ಬರುತ್ತವೇನಮ್ಮ ಎಂದರು. ಗೇಟು ಮಕ್ಕಳನ್ನು ತಡೆಯಲಿಕ್ಕಲ್ಲ, ದೊಡ್ಡವರನ್ನು ನಿಲ್ಲಿಸಲಿಕ್ಕೆ ಎಂದೆ. ಸುಮ್ಮನೆ ಆಡಿದ ಮಾತು. ಆದರೆ ನಿಜವಾಯಿತು.

ತೊಡಕು ದಾರಿಯದ್ದು. ಮನೆಗಳಿಂದ ಶಾಲೆಯವರೆಗೆ ಬಟ್ಟೆ ಕಟ್ಟಿಕೊಂಡು ಬಂದೆವು. ಕಾಲುವೆಯ ಛಾವಣಿ ದಾಟುವ ಕಡೆ ಮಾತ್ರ ಗಳ ನೆಡಲು ಮಣ್ಣಿಲ್ಲ, ಬರೀ ಕಾಂಕ್ರೀಟು. ಪಕ್ಕದಲ್ಲಿರುವುದು ಒಂದೇ ಮನೆ, ಗಿರಣಿಯ ರಾಜಾಬಕ್ಷಿಯದು. ಅವನ ಗೋಡೆಗೆ ಬಟ್ಟೆ ಬಿಗಿದರೆ ಮುಗಿಯುತ್ತಿತ್ತು. ಅವನ ಮಗಳು ಜುಬೇದಾ, ಏಳು ವರುಷದ ಮಗು, ಎರಡು ವರುಷದ ಹಿಂದೆ ಅಪ್ಪನಿಗೆ ಬುತ್ತಿ ಒಯ್ಯುವಾಗ ಬಿಸಿಲು ಹತ್ತಿ ಬಿದ್ದು ಜೀವ ಬಿಟ್ಟದ್ದು ಅದೇ ಛಾವಣಿಯ ಮೇಲೆ. ಬಿಸಿಗಂಟೆ ಇನ್ನೂ ಬಾರಿಸಿರಲಿಲ್ಲ. ದಾರಿಯಲ್ಲಿ ಯಾರೂ ಇರಲಿಲ್ಲ. ಈಗ ಮನೆಯಲ್ಲಿ ಉಳಿದಿರುವುದು ಐದು ವರುಷದ ಹಸೇನ. ಅವನನ್ನು ಹಿತ್ತಲಿಗೂ ಬಿಡುವುದಿಲ್ಲ ಎಂದು ಊರಿಗೆಲ್ಲ ಗೊತ್ತು.

ಗೊತ್ತಿದ್ದೂ ಹೋದೆ, ವ್ಯಾಪಾರಿಯ ಕಾಲು. ಬಟ್ಟೆಯ ಗುಣ ಹೇಳಿದೆ, ಎರಡು ಪದರ ಎಂದೆ, ಹೆಣಿಗೆ ಮುಟ್ಟಿ ನೋಡು ಎಂದೆ. ಆತ ಮುಟ್ಟಲಿಲ್ಲ.

"ಬಟ್ಟಿ ಕೇಳಿಲ್ಲಕ್ಕ ನಾನು," ಎಂದ. "ದಾರ್ಯಾಗ ಮನುಷ್ಯಾರು ಯಾರು ನಿಂದರ್ತಾರಂತ ಹೇಳು."

ನಿಮ್ಮ ಪ್ರಕಟಣೆಯನ್ನು ಅಷ್ಟು ಸಲ ಓದಿದವಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಿಮ್ಮದರಲ್ಲಿ ಅದು ಇರಲಿಲ್ಲ. ಯಾಕೆ ಇರಬೇಕು? ನಿಮ್ಮ ದಾರಿಯ ತುಂಬ ಮನುಷ್ಯರಿದ್ದರು. ಹಾಲಿನವನು, ಹೂವಿನವಳು, ಕಟ್ಟೆಯ ಮೇಲೆ ಸುಮ್ಮನೆ ಕೂತ ಮುದುಕ, ಇವರೆಲ್ಲ ಸಂಬಳವಿಲ್ಲದೆ ನಿಮ್ಮ ಮಕ್ಕಳನ್ನು ಕಾಯುತ್ತಿದ್ದರು. ಕಾಯುತ್ತಿದ್ದೇವೆ ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ. ನಮ್ಮ ದಾರಿಯಲ್ಲಿ ಬಟ್ಟೆ ಬಿಟ್ಟರೆ ಏನೂ ಇಲ್ಲ. ಆ ರಾತ್ರಿ ಮಂಡಳಿಯಲ್ಲಿ ಹೊಸ ನಿಯಮ ಇಟ್ಟೆ: ಮಗುವನ್ನು ಕಳಿಸುವ ಪ್ರತಿ ಮನೆಯಿಂದ ಒಬ್ಬರು, ಮಕ್ಕಳು ಹೋಗುವಾಗಲೂ ಬರುವಾಗಲೂ, ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲಿ ದಾರಿಯಲ್ಲಿ ನಿಲ್ಲಬೇಕು. ಬೆಳಗಿನ ಹೊತ್ತು ವ್ಯಾಪಾರದ ಹೊತ್ತು, ಯಾರು ನಿಲ್ಲುತ್ತಾರೆ ಎಂದು ಗದ್ದಲವಾಯಿತು. ನಾನು ನಿಲ್ಲುತ್ತೇನೆ ಎಂದೆ. ಬೆಳಗಿನ ವ್ಯಾಪಾರ ಬಿಡುತ್ತಾಳೆಂದು ಸಿಟ್ಟಾಗಿ ನನ್ನ ಅಳಿಯ ಎದ್ದು ಹೊರಗೆ ಹೋದ. ಮಾತು ಬಿಟ್ಟದ್ದು ಆಗಲೇ. ಮಾರನೆಯ ದಿನ ರಾಜಾಬಕ್ಷಿಗೆ ನಿಯಮ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದ:

"ಗ್ವಾಡಿಗೆ ಕಟ್ಟಬ್ಯಾಡ. ಛಾವಣಿ ಮ್ಯಾಲ ನಿಮ್ಮ ಹುಡುಗರಿಗೆ ನೆಳ್ಳು ನಾ ಹಿಡೀತೀನಿ. ನನ್ನ ಮಗನ್ನ ಮಾತ್ರ ಕೇಳಬ್ಯಾಡಕ್ಕ."

ಈ ಹೊರಗಾಲ ಹಿಡಿದೊಡನೆ ಶಾಲೆ ತೆರೆಯಿತು. ಟೀಚರು ನನ್ನ ತಂಗಿಯ ಮಗಳು ಹುಲಿಗೆಮ್ಮ. ಮಕ್ಕಳು ಅಳುತ್ತಾರೆ ಎಂದು ಬೆಲ್ಲ ತರಿಸಿಟ್ಟಿದ್ದೆವು. ಒಂದು ಮಗುವೂ ಅಳಲಿಲ್ಲ, ಬಿಟ್ಟು ಹೋಗುವುದು ಎಂದರೇನು ಎಂದು ಅವಕ್ಕೆ ಗೊತ್ತೇ ಇರಲಿಲ್ಲ. ಬೆಲ್ಲ ಗೇಟಿನ ಹೊರಗೆ ಅಮ್ಮಂದಿರಿಗೆ ಹಂಚಬೇಕಾಯಿತು. ಸುತ್ತ ಎಲ್ಲೆಲ್ಲೂ ಬಯಲು, ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಆದರೂ ಎಲ್ಲರೂ ಗೇಟಿನ ಸರಳು ಹಿಡಿದೇ ನಿಂತಿದ್ದರು. ಹುಲಿಗೆಮ್ಮ ಮೊದಲ ಪ್ರಶ್ನೆ ಕೇಳಿದಳು. ಎಲ್ಲ ಮಕ್ಕಳೂ ಒಟ್ಟಿಗೆ ಉತ್ತರ ಕೊಟ್ಟವು, ಆಮೇಲೆ ಎಲ್ಲವೂ ಮುಖ ಊದಿಸಿಕೊಂಡು ಅಕ್ಕಪಕ್ಕ ನೋಡಿದವು. ಗೋಡೆಗುರು ಕೇಳುವುದು ಒಬ್ಬರನ್ನೇ ಅಲ್ಲವೇ? ತನ್ನ ಉತ್ತರವನ್ನು ಬೇರೆಯವರು ಕದ್ದರು ಎಂದು ಪ್ರತಿ ಮಗುವಿನ ದೂರು. ಬಯಲಿಗೆ ಬಿಟ್ಟಾಗ ಮೊದಲು ಸುಮ್ಮನೆ ನಿಂತವು. ನಂತರ ಯಾವುದೋ ಒಂದು ಓಡಿತು. ಆಮೇಲೆ ಎದ್ದ ಸದ್ದನ್ನು ನಮ್ಮಲ್ಲಿ ಯಾರೂ ಕೇಳಿದವರಲ್ಲ. ನಾಯಿಗಳು ಬಾಲ ಮುದುರಿ ಓಡಿದವು. ಪಂಪಾಪತಿಯವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ಬಿಸಿಲು ಹತ್ತಿತೇನೋ ಎಂದು ನೀರು ಒಯ್ದರೆ ಕೈಯಿಂದಲೇ ಬೇಡ ಎಂದರು, ಮಕ್ಕಳ ಸದ್ದು ಕೇಳುತ್ತಿದ್ದರು.

ಹತ್ತನೆಯ ದಿನ ಬಿಸಿಗಂಟೆ ಹೊತ್ತಿಗೆ ಮುಂಚೆಯೇ ಮೊಳಗಿತು. ಮೊದಲಿನಿಂದ ನಾವು ಹೆದರಿದ್ದದ್ದು ಅದಕ್ಕೇ. ಹುಲಿಗೆಮ್ಮ ಮಕ್ಕಳ ತಲೆಗೆ ಒದ್ದೆ ಬಟ್ಟೆ ಸುತ್ತಿ ಸಾಲಾಗಿ ಹೊರಡಿಸಿದಳು. ದಾರಿಯಲ್ಲಿ ನಿಂತವರು ಒಬ್ಬರೂ ಜಾಗ ಬಿಡಲಿಲ್ಲ. ತಮ್ಮ ಮಗುವನ್ನು ಎತ್ತಿಕೊಂಡು ಓಡಬೇಕು ಎನ್ನಿಸಿದರೂ ಎದುರಿಗೆ ಬಂದ ಮಗುವನ್ನು ಮುಂದಿನವರಿಗೆ ಒಪ್ಪಿಸಿದರು. ಛಾವಣಿಯ ಮೇಲೆ ರಾಜಾಬಕ್ಷಿ ಎರಡೂ ಕೈ ಎತ್ತಿ ಬಟ್ಟೆ ಹಿಡಿದಿದ್ದ. ತನ್ನ ತಲೆಯ ಮೇಲೆ ಅವನು ಹಿಡಿದುಕೊಂಡಿರಲಿಲ್ಲ, ನೆರಳು ಪೂರ್ತಿ ಮಕ್ಕಳ ಕಡೆಗೆ ಬಾಗಿತ್ತು. ಕೊನೆಯ ಮಗು ದಾಟಿದ ಮೇಲೆ ನಾನೂ ಹುಲಿಗೆಮ್ಮನೂ ಅವನ ಕೈ ಇಳಿಸಬೇಕಾಯಿತು, ತಾನಾಗಿ ಇಳಿಯಲಿಲ್ಲ. ಎಲ್ಲ ಮಕ್ಕಳೂ ಮನೆ ಸೇರಿದವು.

ಆ ಸಂಜೆ ಅವನು ನನ್ನ ಅಂಗಡಿಗೆ ಬಂದ. ಮಕ್ಕಳು ದಾಟುವ ಸದ್ದು ಒಳಗೆ ಕಿವಿಗೆ ಬಿದ್ದು ಮಗ ಒಂದು ಮಾತು ಕೇಳಿದನಂತೆ, ನಾಳೆಯೂ ಅವರು ಬರುತ್ತಾರೇನು ಎಂದು. ಅದು ಎನ್ನದೆ ಅವರು ಎಂದನಂತೆ, ಆ ಪದವನ್ನು ರಾಜಾಬಕ್ಷಿ ಎರಡು ಸಲ ಹೇಳಿದ. ಈಗ ಒಂದು ಮಾತು ಒತ್ತಿದರೆ ವ್ಯಾಪಾರ ಕುದುರುತ್ತದೆ ಎಂದು ನನ್ನ ನಾಲಗೆಗೆ ಗೊತ್ತಿತ್ತು. ಒತ್ತಲಿಲ್ಲ. ಮಜ್ಜಿಗೆ ಕೊಟ್ಟೆ, ಕುಡಿದು ಹೋದ.

ನಿಮ್ಮಲ್ಲಿ ಕೇಳುವುದು ಒಂದೇ. ಗೇಟಿನ ಎದುರು ಗಾಡಿ ನಿಲ್ಲಿಸಬೇಡಿ ಎಂದು ನಿಮ್ಮ ಶಾಲೆ ಹೇಳಿದರೆ ನಿಲ್ಲಿಸಬೇಡಿ, ಅದು ಸರಿಯಾದ ಮಾತು. ಆಟೋದಲ್ಲಿ ತುಂಬಬೇಡಿ. ಬಾಟಲಿಯ ಮೇಲೆ ಹೆಸರು ಬರೆಯಿರಿ. ಆದರೆ ಹಿಂತಿರುಗಿ ನೋಡದೆ ಹೋಗಿ ಎಂದದ್ದನ್ನು ಮಾತ್ರ ಪಾಲಿಸಬೇಡಿ. ಕೆಲಸಕ್ಕೆ ತಡವಾದರೆ ಆಗಲಿ. ಗಾಡಿ ದೂರ ನಿಲ್ಲಿಸಿ ನಡೆದು ಬಂದು ಒಂದು ಗಳಿಗೆ ನಿಂತು ಆ ಗದ್ದಲ ಕೇಳಿ. ನಿಮ್ಮ ಮಕ್ಕಳ ದಾರಿಯಲ್ಲಿ ಸುಮ್ಮನೆ ಕೂತಿರುವ ಮುದುಕನಿಗೆ ಒಂದು ನಮಸ್ಕಾರ ಹಾಕಿ. ಬಿಸಿಲು ನಿಮ್ಮ ಕಾಲದಲ್ಲೇ ಏರತೊಡಗಿತ್ತು ಎಂದು ಓದಿದ್ದೇನೆ. ಅದರ ಲೆಕ್ಕ ಕೇಳಲು ಈ ಕಾಗದ ಬರೆದಿಲ್ಲ, ನಿಮಗೇ ಗೊತ್ತಿದೆ.

ಇನ್ನು ಯಾರಿಗೇನು ದಕ್ಕಿತು ಎಂದು ಹೇಳಿ ಮುಗಿಸುತ್ತೇನೆ. ತುಂಗವ್ವನಿಗೆ ಇಬ್ಬರು ಗೆಳತಿಯರು, ಒಬ್ಬಳು ವೈರಿ; ವೈರಿಯ ಸುದ್ದಿಯೇ ಮನೆಯಲ್ಲಿ ಹೆಚ್ಚು. ಹುಲಿಗೆಮ್ಮನಿಗೆ ಒಡೆದ ಗಂಟಲು. ಪಂಪಾಪತಿಯವರಿಗೆ ಗದ್ದಲದ ಮೇಲೆ ಬಂದ ನಾಲ್ಕು ದೂರು, ನಾಲ್ಕನ್ನೂ ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಅಳಿಯನಿಗೆ ಸಿಟ್ಟು. ನನಗೆ ನಷ್ಟ, ಮತ್ತು ಬೆಳಿಗ್ಗೆ ನಿಲ್ಲಲು ಒಂದು ಜಾಗ. ರಾಜಾಬಕ್ಷಿಗೆ ನೋಯುವ ಎರಡು ತೋಳು, ಹೋಗುವಾಗ ಬರುವಾಗ ಮಾಮಾ ಎಂದು ಕೂಗುವ ಮಕ್ಕಳು. ಜುಬೇದಾಳಿಗೆ ಏನೂ ಇಲ್ಲ. ಹಸೇನನಿಗೆ, ನಿನ್ನೆಯಿಂದ, ಕಾಲುವೆಯ ಕಡೆಗೆ ತೆರೆದ ಒಂದು ಕಿಟಕಿ.